ಸರ್ವರಿನ ದಿನಚರಿ ಪುಸ್ತಕ

ಅಮೀರ್‌ಪೇಟ್‌ನ ಮೈತ್ರಿವನದ ಸುತ್ತ ಕಂಪ್ಯೂಟರ್ ತರಗತಿಗಳ ಬೋರ್ಡುಗಳಿಗೆ ಬರವಿಲ್ಲ. ರಾಯಚೂರು, ಕಲಬುರಗಿ, ಬೀದರಗಳಿಂದ ಬಂದು, ಹಗಲು ದುಡಿದು ಸಂಜೆ ಕಲಿಯುವ ವಾಚಕರಲ್ಲಿ ಸರ್ವರ್ ಕೋಣೆಯ ರಾತ್ರಿ ಪಾಳಿ ಹಿಡಿದವರಿಗೆ ಪ್ರಯೋಜನವಾಗಲೆಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ವರ್ಚುವಲೈಸೇಷನ್ ಎಂದರೆ ವಠಾರವಿದ್ದಂತೆ. ಕಟ್ಟಡ ಒಂದೇ, ಅದರೊಳಗೆ ಸಂಸಾರಗಳು ಹತ್ತು. ಹಾಗೆಯೇ ಒಂದು ದೊಡ್ಡ ಸರ್ವರಿನೊಳಗೆ ಹತ್ತಾರು ಕಾಲ್ಪನಿಕ ಯಂತ್ರಗಳು ನಡೆಯುತ್ತವೆ. ಒಂದು ಮನೆಯ ಬೀಗ ಒಡೆದರೆ ಒಂದು ಮನೆಗೆ ನಷ್ಟ. ವಠಾರದ ಯಜಮಾನನ ಬೀಗದ ಗೊಂಚಲೇ ಕಳೆದರೆ ಎಲ್ಲರಿಗೂ ನಷ್ಟ. ಆದುದರಿಂದ ಆ ಗೊಂಚಲನ್ನು ಯಾರು, ಯಾವಾಗ ಮುಟ್ಟಿದರೆಂದು ಬರೆದಿಡತಕ್ಕದ್ದು.

ಒಂದು ಸಂದರ್ಭವನ್ನು ಭಾವಿಸೋಣ. ಬೆಳಿಗ್ಗೆ ಲೆಕ್ಕಪತ್ರದ ಯಂತ್ರವೊಂದು ಕಾಣೆಯಾಗಿದೆ. ‘ರೂಟ್’ ಗುಪ್ತಪದ ಐವರಿಗೆ ಗೊತ್ತು. ದೋಷ ಯಾರ ತಲೆಗೆ? ರಾತ್ರಿ ಪಾಳಿಯವನ ತಲೆಗೆ. ತಾನು ಮಾಡಿಲ್ಲವೆಂದು ತೋರಿಸಲು ಅವನ ಕೈಯಲ್ಲಿ ಏನೂ ಇಲ್ಲ. ದಾಖಲೆ ಕಳ್ಳನನ್ನು ಹಿಡಿಯುವುದಕ್ಕೆ ಮಾತ್ರವಲ್ಲ, ನಿರಪರಾಧಿಯ ಅನ್ನವನ್ನು ಉಳಿಸುವುದಕ್ಕೂ ಬೇಕು.

ಉದಾಹರಣೆಗೆ ಲಿನಕ್ಸ್‌ನ ಕೆವಿಎಂ ಸರ್ವರನ್ನು ತೆಗೆದುಕೊಳ್ಳೋಣ. ಇದಕ್ಕೆ ಹಣ ತೆರಬೇಕಾಗಿಲ್ಲ. ಹಳೆಯ ಕಂಪ್ಯೂಟರಿನಲ್ಲಿಯೂ ಅಭ್ಯಾಸ ಮಾಡಬಹುದು.

ಒಂದು: ಪ್ರತಿಯೊಬ್ಬರಿಗೂ ಬೇರೆ ಖಾತೆ ಕೊಡಿ. ‘ಆಡಿಟ್‌ಡಿ’ ಎಂಬ ದಾಖಲೆಗಾರನು ಮೊದಲು ಒಳಬಂದವನ ಗುರುತನ್ನು, ಅವನು ಮುಂದೆ ‘ಸುಡೊ’ ಬಳಸಿ ರೂಟ್ ಆದರೂ, ಮರೆಯುವುದಿಲ್ಲ. ಎಲ್ಲರೂ ರೂಟ್ ಹೆಸರಿನಲ್ಲಿಯೇ ಒಳಬಂದರೆ ಈ ಗುಣ ವ್ಯರ್ಥ.

ಎರಡು: ಆಡಿಟ್‌ಡಿ ನಡೆಯುತ್ತಿದ್ದರೆ ‘ಲಿಬ್‌ವರ್ಟ್’ ತಂತ್ರಾಂಶವು ಯಂತ್ರ ಆರಂಭವಾದುದನ್ನೂ ನಿಂತುದನ್ನೂ ತಾನಾಗಿಯೇ ಬರೆಸುತ್ತದೆ. ಆದರೆ ಇಲ್ಲಿ ಅನೇಕರು ಮೋಸಹೋಗುತ್ತಾರೆ. ಆ ಕೆಲಸ ಮಾಡಿದ್ದು ಹಿನ್ನೆಲೆಯ ಸೇವಾ ತಂತ್ರಾಂಶವಾದ್ದರಿಂದ, ಹೇಳಿದ ಮನುಷ್ಯನ ಹೆಸರು ಅಲ್ಲಿ ಸಿಗದೆ ಹೋಗಬಹುದು. ಆದುದರಿಂದ ಸರ್ವರಿನಲ್ಲಿರುವ ‘ವರ್ಶ್’ ಆಜ್ಞೆಯನ್ನು ಯಾರು ಓಡಿಸಿದರೂ ಬರೆಯುವಂತೆ ಒಂದು ಕಾವಲು ನಿಯಮವನ್ನೂ, ಲಿಬ್‌ವರ್ಟ್‌ನ ಸಂರಚನಾ ಕಡತಗಳನ್ನು ಯಾರು ತಿದ್ದಿದರೂ ಬರೆಯುವಂತೆ ಇನ್ನೊಂದನ್ನೂ ಸೇರಿಸಿ. ನಿಯಮಗಳನ್ನು ನಿಯಮದ ಕಡತದಲ್ಲಿಯೇ ಬರೆಯಿರಿ. ಬರಿದೆ ಟೈಪ್ ಮಾಡಿದ್ದು ಸರ್ವರ್ ಮರುಚಾಲನೆಯಾದೊಡನೆ ಅಳಿಸಿಹೋಗುತ್ತದೆ.

ಮೂರು: ಸ್ಥಳಾವಕಾಶ ನೋಡಿಕೊಳ್ಳಿ. ಆಡಿಟ್‌ಡಿಯ ಮೂಲ ಏರ್ಪಾಟಿನಲ್ಲಿ ೮ ಎಂಬಿಯ ೫ ಕಡತಗಳಷ್ಟೇ. ತುಂಬಿದ ಮೇಲೆ ಹಳೆಯದು ಹೋಗುತ್ತದೆ. ಕೆಲಸ ಹೆಚ್ಚಿರುವ ಸರ್ವರಿನಲ್ಲಿ ಇದು ಬೇಗ ತುಂಬುತ್ತದೆ.

ನಾಲ್ಕು: ದಾಖಲೆಯ ಪ್ರತಿಯನ್ನು ಆಗಿಂದಾಗ್ಗೆ ಬೇರೊಂದು ಯಂತ್ರಕ್ಕೆ ಕಳುಹಿಸಿ. ರೂಟ್ ಅಧಿಕಾರವುಳ್ಳವನು ಇಲ್ಲಿನ ಪುಸ್ತಕವನ್ನು ಅಳಿಸಬಲ್ಲನು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ದಾಖಲೆ ಸೇರುವ ಯಂತ್ರದ ಕೀಲಿ ಬೇರೆಯವರ ಬಳಿ ಇರಬೇಕು.

ಐದು: ಗಡಿಯಾರ ಸರಿಯಿರಲಿ. ಎರಡು ಯಂತ್ರಗಳ ಸಮಯದಲ್ಲಿ ಹತ್ತು ನಿಮಿಷದ ವ್ಯತ್ಯಾಸವಿದ್ದರೆ ಒಬ್ಬನ ಪಾಳಿಯ ತಪ್ಪು ಇನ್ನೊಬ್ಬನ ಪಾಳಿಗೆ ಬಂದು ಬೀಳುತ್ತದೆ.

ಇದು ಬರಿಯ ಮುನ್ನೆಚ್ಚರಿಕೆಯಲ್ಲ, ಕಾನೂನೂ ಹೌದು. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲ್ ೨೮ರಂದು ಹೊರಡಿಸಿದ ನಿರ್ದೇಶನದಂತೆ, ಕಂಪನಿಗಳೂ ಡೇಟಾ ಕೇಂದ್ರಗಳೂ ಸರ್ಕಾರಿ ಸಂಸ್ಥೆಗಳೂ ೧೮೦ ದಿನಗಳ ದಾಖಲೆಗಳನ್ನು ಕಾದಿರಿಸಬೇಕು; ಸೂಚಿತ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ೬ ಗಂಟೆಗಳೊಳಗೆ ತಿಳಿಸಬೇಕು. ಗಡಿಯಾರಗಳು ರಾಷ್ಟ್ರೀಯ ಮಾಹಿತಿ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿರಬೇಕು.

ಕೊನೆಯದಾಗಿ ಒಂದು ಅಭ್ಯಾಸ. ‘ಪರೀಕ್ಷೆ’ ಎಂಬ ಹೆಸರಿನ ಯಂತ್ರವೊಂದನ್ನು ಮಾಡಿ, ವರ್ಶ್ ಆಜ್ಞೆಯಿಂದ ನಡೆಸಿ, ನಿಲ್ಲಿಸಿ. ಬಳಿಕ ‘ಎಯುಸರ್ಚ್’ ಆಜ್ಞೆಯಿಂದ ದಾಖಲೆಯನ್ನು ಹುಡುಕಿ. ಮೂಲದಲ್ಲಿ ಸಮಯವು ೧೯೭೦ರಿಂದ ಎಣಿಸಿದ ಸೆಕೆಂಡುಗಳಲ್ಲಿರುತ್ತದೆ. ಈ ಆಜ್ಞೆ ಅದನ್ನು ತಾರೀಖಾಗಿ ತೋರಿಸುತ್ತದೆ. ನಿಮ್ಮ ಹೆಸರು, ವೇಳೆ, ಮಾಡಿದ ಕೆಲಸ ಮೂರೂ ಕಂಡರೆ ಏರ್ಪಾಟು ಸರಿಯಿದೆ. ಸರ್ವರನ್ನು ಮರುಚಾಲನೆ ಮಾಡಿ ಮತ್ತೊಮ್ಮೆ ನೋಡಿ.

ಪಾಳಿ ವಹಿಸಿಕೊಳ್ಳುವ ಮೊದಲೇ ಇದನ್ನು ಮಾಡಿರಿ. ಆಪತ್ತು ಬಂದ ಮೇಲೆ ಹಿಂದಿನ ದಿನದ ಪುಟವನ್ನು ಯಾರೂ ಬರೆದುಕೊಡಲಾರರು.