ಗಾಳಿಮಳೆಯ ಎಚ್ಚರಿಕೆ ಮನೆಗೆ ಬರುವ ದಾರಿ

ಏಪ್ರಿಲ್-ಮೇ ತಿಂಗಳ ಸಂಜೆಯ ಬಿರುಗಾಳಿ ಕಾರಮಡೈ, ಸಿರುಮುಗೈ ಕಡೆಯ ಬಾಳೆತೋಟಗಳಿಗೆ ಏನು ಮಾಡುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಗೊನೆ ಹೊತ್ತ ಗಿಡಗಳು ಅರ್ಧ ಗಂಟೆಯೊಳಗೆ ನೆಲ ಹಿಡಿಯುತ್ತವೆ. ಗಿಡಕ್ಕೆ ಊರುಗೋಲು ಕೊಡಲು ಆಗ ಸಮಯವಿರುವುದಿಲ್ಲ, ಅದು ಮೊದಲೇ ಆಗಿರಬೇಕು. ಆದರೆ ತೋಟದಲ್ಲಿರುವ ಆಳುಗಳನ್ನು ಮನೆಗೆ ಕರೆಯಲು, ತೆಂಗಿನ ಮರಕ್ಕೆ ಕಟ್ಟಿದ ಎಮ್ಮೆಯನ್ನು ಬಿಚ್ಚಿ ತರಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಗಳಿಸುವುದು ಹೇಗೆಂದು ಈ ಸಲ ನೋಡೋಣ.

ಹವಾಮಾನದ ಸುದ್ದಿಯಲ್ಲಿ ಎರಡು ಬಗೆ. ಒಂದು, ನಾವೇ ಹುಡುಕಿಕೊಂಡು ಹೋಗಬೇಕಾದದ್ದು: ಪತ್ರಿಕೆ, ರೇಡಿಯೋ ವಾರ್ತೆ, ಫೋನಿನಲ್ಲಿ ತೆರೆದು ನೋಡುವ ಆ್ಯಪ್. ಇನ್ನೊಂದು, ಕೇಳದೆಯೇ ಬಂದು ಸದ್ದು ಮಾಡಿ ಎಬ್ಬಿಸುವುದು. ಭವಾನಿ ದಡದವರಿಗೆ ಈ ಎರಡನೆಯದೇ ಮುಖ್ಯ. ಪಿಲ್ಲೂರು ಅಣೆಕಟ್ಟಿನ ಪೂರ್ಣ ಮಟ್ಟ 100 ಅಡಿ. ನೀರು 97 ಅಡಿ ಮುಟ್ಟಿದಾಗ ಬಾಗಿಲು ತೆರೆಯುವುದು ರೂಢಿ. ಮಳೆ ಬೀಳುವುದು ಮೇಲೆ ನೀಲಗಿರಿಯಲ್ಲಿ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 90 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಮೆಟ್ಟುಪಾಳ್ಯದಲ್ಲಿ ಆಕಾಶ ತಿಳಿಯಾಗಿದ್ದು ನಕ್ಷತ್ರ ಕಾಣುವಾಗಲೇ ಹೊಳೆ ಏರಬಹುದು. ರಾತ್ರಿ ಎರಡು ಗಂಟೆಗೆ ಯಾರು ತಾನೇ ವಾರ್ತೆ ಕೇಳುತ್ತಾರೆ?

ಎಬ್ಬಿಸುವ ಯಂತ್ರಗಳು ಹಿಂದೆಯೂ ಇದ್ದವು. 1980ರ ದಶಕದಲ್ಲಿ ಹವಾಮಾನ ಇಲಾಖೆ ಇನ್ಸಾಟ್ ಉಪಗ್ರಹದ ಮೂಲಕ ಕರಾವಳಿಯ ಊರುಗಳಿಗೆ ಚಂಡಮಾರುತದ ಎಚ್ಚರಿಕೆ ಕಳುಹಿಸತೊಡಗಿತು. ಅಲ್ಲಿಟ್ಟ ರಿಸೀವರುಗಳು ಸಂದೇಶ ಬಂದೊಡನೆ ತಾವೇ ಸೈರನ್ ಕೂಗುತ್ತಿದ್ದವು. ಒಳನಾಡಿನವರಾದ ನಮಗೆ ಅದು ದಕ್ಕಲಿಲ್ಲ. 1995ರಲ್ಲಿ ದೇಶದ ದೊಡ್ಡ ನಗರಗಳಿಗೆ ಪೇಜರ್ ಬಂತು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಪೆಟ್ಟಿಗೆ, ಒಂದು ಸಣ್ಣ ಸೆಲ್ಲಿನಲ್ಲಿ ವಾರಗಟ್ಟಲೆ ನಡೆಯುತ್ತಿತ್ತು, ಬಂದ ಸಂದೇಶವನ್ನು ಬೀಪ್ ಎಂದು ತೋರಿಸುತ್ತಿತ್ತು. ಮೊಬೈಲ್ ಅಗ್ಗವಾದ ಮೇಲೆ ಕೆಲವೇ ವರ್ಷಗಳಲ್ಲಿ ಅದು ಮಾಯವಾಯಿತು. ಅಮೆರಿಕದಲ್ಲಿ ಹವಾಮಾನಕ್ಕೆಂದೇ ಬೇರೆ ರೇಡಿಯೋ ಪ್ರಸಾರವಿದೆ. ರಿಸೀವರ್ ಸುಮ್ಮನಿದ್ದು, ಅಪಾಯದ ಸಂಜ್ಞೆ ಬಂದಾಗ ಮಾತ್ರ ಕೂಗುತ್ತದೆ. ಅಂಥ ರೇಡಿಯೋಗಳು ಇಲ್ಲಿಯೂ ಮಾರಾಟಕ್ಕೆ ಬರುತ್ತವೆ, ‘ಡಬ್ಲ್ಯೂಬಿ’ ಎಂಬ ಗುಂಡಿಯಿರುತ್ತದೆ. ಅದಕ್ಕಾಗಿ ಹೆಚ್ಚು ಹಣ ತೆರಬೇಡಿ. ನಮ್ಮ ದೇಶದಲ್ಲಿ ಆ ಪ್ರಸಾರವೇ ಇಲ್ಲ, ಗುಂಡಿ ಒತ್ತಿದರೆ ಬರೀ ಸುಯ್ ಎನ್ನುತ್ತದೆ.

ಪೇಜರಿನ ಕೆಲಸವನ್ನು ಈಗ ಕೈಫೋನೇ ಮಾಡುತ್ತದೆ. 2023ರಲ್ಲಿ ಸರಕಾರ ಹಲವು ರಾಜ್ಯಗಳಲ್ಲಿ ಪರೀಕ್ಷೆಯ ಸಂದೇಶ ಕಳುಹಿಸಿದಾಗ ಎಷ್ಟೋ ಫೋನುಗಳು ಒಟ್ಟಿಗೆ ಕಿರುಚಿ ಜನ ಬೆಚ್ಚಿದ್ದು ನೆನಪಿರಬಹುದು. ಇದನ್ನು ಸೆಲ್ ಬ್ರಾಡ್‌ಕಾಸ್ಟ್ ಎನ್ನುತ್ತಾರೆ. ಟವರಿನಿಂದ ಆ ಪ್ರದೇಶದ ಎಲ್ಲ ಫೋನುಗಳಿಗೂ ಒಮ್ಮೆಗೇ ಬಿತ್ತರವಾಗುವುದರಿಂದ ನಂಬರ್ ಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ, ಲೈನ್ ಬಿಜಿಯಾಗಿದ್ದರೂ ತಡೆಯಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಎಮರ್ಜೆನ್ಸಿ ಅಲರ್ಟ್’ ಎಂಬುದನ್ನು ಹುಡುಕಿ, ಅದು ಆನ್ ಆಗಿದೆಯೇ ಎಂದು ಇಂದೇ ನೋಡಿ. ಸದ್ದಿಗೆ ಬೇಸತ್ತು ಅದನ್ನು ಆರಿಸಬೇಡಿ. ಹಳೆಯ ಬಟನ್ ಫೋನುಗಳೆಲ್ಲ ಇದನ್ನು ತೋರಿಸುವುದಿಲ್ಲ. ಆದ್ದರಿಂದ ಮನೆಯಲ್ಲಿ ಒಂದು ಹೊಸ ಫೋನಾದರೂ ರಾತ್ರಿ ಚಾರ್ಜ್ ತುಂಬಿಕೊಂಡು ಮಲಗುವ ಕೋಣೆಯಲ್ಲೇ ಇರಲಿ.

ಎಚ್ಚರಿಕೆಗಳು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತವೆ. ಮನೆಯ ಹಿರಿಯರಿಗೆ ತಮಿಳು ಮಾತು ಬಂದರೂ ಅಕ್ಷರ ಬಾರದಿರಬಹುದು. ಶಾಲೆಗೆ ಹೋಗುವ ಮಕ್ಕಳು ಓದಿ ಹೇಳಲಿ. ‘ಕನಮಳೈ’ ಎಂದರೆ ದಿನಕ್ಕೆ ಸುಮಾರು 7ರಿಂದ 11 ಸೆಂ.ಮೀ. ಮಳೆ, ‘ಮಿಗ ಕನಮಳೈ’ 12ರಿಂದ 20, ‘ಅದಿ ಕನಮಳೈ’ ಅದಕ್ಕೂ ಮೇಲೆ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ತೋರಿಸುತ್ತವೆ. ಕೆಂಪೆಂದರೆ ಕಾದು ನೋಡುವ ಮಾತಿಲ್ಲ.

ಗಾಳಿಗೆ ಕರೆಂಟ್ ಹೋಗಿ ಕೆಲವು ಗಂಟೆ ಕಳೆದರೆ ಟವರಿನ ಬ್ಯಾಟರಿಯೂ ಸೋಲಬಹುದು. ಆಗ ಉಳಿಯುವುದು ಸೆಲ್ಲು ಹಾಕುವ ಟ್ರಾನ್ಸಿಸ್ಟರ್. ನಮ್ಮ ಅಭಿಪ್ರಾಯದಲ್ಲಿ ಪ್ರತಿ ರೈತನ ಮನೆಯಲ್ಲಿ ಒಂದಿರಲೇಬೇಕು. ಆಕಾಶವಾಣಿಯ ಕೊಯಮತ್ತೂರು ನಿಲಯ ನಿಮ್ಮ ಮನೆಯಲ್ಲಿ ಎಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆಂದು ಒಂದು ಬಿಸಿಲಿನ ದಿನವೇ ಹುಡುಕಿ ಮುಳ್ಳಿನ ಜಾಗಕ್ಕೆ ಗುರುತು ಹಾಕಿ. ಸೆಲ್ಲುಗಳನ್ನು ಒಳಗೇ ಬಿಟ್ಟರೆ ಸೋರಿ ಯಂತ್ರ ಕೆಡುತ್ತದೆ, ಪಕ್ಕದಲ್ಲಿ ಬೇರೆ ಇಡಿ.

ಈ ಟ್ರಾನ್ಸಿಸ್ಟರಿಗೆ ಇನ್ನೊಂದು ಗುಣವಿದೆ. ಮೀಡಿಯಂ ವೇವ್‌ನಲ್ಲಿ ಯಾವ ನಿಲಯವೂ ಇಲ್ಲದ ಜಾಗಕ್ಕೆ ತಿರುಗಿಸಿ ಇಟ್ಟರೆ, ದೂರದ ಪ್ರತಿ ಮಿಂಚೂ ಚಟ್ ಚಟ್ ಎಂದು ಕೇಳಿಸುತ್ತದೆ. ಎಫ್‌ಎಂನಲ್ಲಿ ಹೀಗಾಗದು. ಚಟಪಟ ಹತ್ತಿರಹತ್ತಿರವಾಗಿ ಜೋರಾಗುತ್ತಾ ಬಂದರೆ ಸಿಡಿಲಿನ ಮೋಡ ಸಮೀಪಿಸುತ್ತಿದೆ ಎಂದು ತಿಳಿಯಬಹುದು. ಗುಡುಗು ಕೇಳುವ ಮೊದಲೇ ಇದು ಹೇಳಿಬಿಡುತ್ತದೆ. ಹೊಸ ಫೋನ್ ಇರುವವರಿಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಇದೆ, ಅದು ಸುತ್ತಲಿನ ಸಿಡಿಲನ್ನು ತೋರಿಸುತ್ತದೆ. ಆದರೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ರೇಡಿಯೋ, ಹೊರಗೆ ಎಳೆದ ಏರಿಯಲ್ ತಂತಿ ಇವನ್ನು ಸಿಡಿಲಿನ ಹೊತ್ತಿನಲ್ಲಿ ಮುಟ್ಟಬಾರದು.

ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಮರದಡಿ, ಮೋಟರ್ ಪಂಪಿನ ಬಳಿ ನಿಲ್ಲದೆ ಪಕ್ಕಾ ಮನೆಗೆ ಬನ್ನಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಹೋಗಬೇಡಿ. ತೋಟದ ಕೊನೆಯಲ್ಲಿರುವವರಿಗೆ ಫೋನ್ ಕೇಳಿಸದು. ಮನೆಯಿಂದ ಒಂದು ತಟ್ಟೆ ಬಡಿಯುವುದೋ, ಸೀಟಿ ಊದುವುದೋ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಹೊಳೆಯ ದಡದ ಕೇರಿಗಳಲ್ಲಿ ದೇವಾಲಯದ ಗಂಟೆಯೂ ಮೈಕೂ ಈ ಕೆಲಸಕ್ಕೆ ಒದಗುತ್ತವೆ.

ಸಿಡಿಲು ಬಡಿದವರನ್ನು ಮುಟ್ಟಲು ಹೆದರುವವರು ಹಲವರು. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರಿಲ್ಲದಿದ್ದರೆ ತಡಮಾಡದೆ ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಹೊಳೆಯ ನೀರು, ಬಿದ್ದ ಮರ, ಕುಸಿದ ಗೋಡೆಯ ವಿಷಯಕ್ಕೆ ಜಿಲ್ಲೆಯ ನಂಬರ್ 1077, ರಾಜ್ಯದ್ದು 1070. ಮೂರನ್ನೂ ದೊಡ್ಡ ಅಂಕಿಗಳಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ.