ಅಚೌರ್ಯಾಣುವ್ರತವೂ ವ್ಯಾಪಾರದ ಅನುಕರಣವೂ

ಗೃಹಸ್ಥನ ಅಣುವ್ರತಗಳಿಗೆ ಪರೀಕ್ಷೆ ಒದಗುವುದು ಬಹುಮಟ್ಟಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿಯಲ್ಲಿ. ಒಬ್ಬನು ಹೊಸದೊಂದು ಉದ್ಯಮವನ್ನು ಯೋಚಿಸಿ, ವರ್ಷಗಟ್ಟಲೆ ದುಡಿದು ನೆಲೆಗೊಳಿಸುತ್ತಾನೆ. ಅಷ್ಟರಲ್ಲಿ ಮತ್ತೊಬ್ಬನು ಅದೇ ಉದ್ಯಮವನ್ನು ಅದೇ ರೀತಿಯಲ್ಲಿ, ಹೆಚ್ಚಿನ ಬಂಡವಾಳದೊಡನೆ ಎದುರಿಗೇ ತೆರೆಯುತ್ತಾನೆ. ಆಗ ಮೊದಲಿನವನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇದು ಕಳವೇ? ತಾನು ಈಗ ಏನು ಮಾಡತಕ್ಕುದು? ಇವೆರಡನ್ನೂ ಬೇರೆಬೇರೆಯಾಗಿ ವಿಚಾರಿಸದಿದ್ದರೆ ಕ್ರೋಧವು ವಿವೇಕದ ಸ್ಥಾನವನ್ನು ಆಕ್ರಮಿಸುತ್ತದೆ.

1. ಕಳವು ಯಾವುದು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ಕಳ್ಳನನ್ನು ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯನಿಯಮವನ್ನು ಮೀರಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕೃತಕ ವಸ್ತುವನ್ನು ನಿಜವಾದುದೆಂದು ನಂಬಿಸಿ ಮಾರುವುದು ಎಂಬುದು ಕ್ರಮವಾಗಿ ಇವುಗಳ ತಾತ್ಪರ್ಯ. ಐದನೆಯದು ಪ್ರಸ್ತುತ ವಿಷಯಕ್ಕೆ ಅತಿ ಸಮೀಪವಾದುದು. ಅಲ್ಲಿ ದೋಷವನ್ನು ಹೇಳಿರುವುದು ಬರಿಯ ಹೋಲಿಕೆಗಾಗಿ ಅಲ್ಲ, ಹೋಲಿಕೆಯ ಮೂಲಕ ಕೊಳ್ಳುವವನನ್ನು ವಂಚಿಸುವುದಕ್ಕಾಗಿ ಎಂಬುದನ್ನು ಗಮನಿಸಬೇಕು.

ದೇಶದ ಕಾಯಿದೆಯೂ ಇಂಥದೇ ಭೇದವನ್ನು ಮಾಡುತ್ತದೆ. ಆರ್. ಜಿ. ಆನಂದ್ ಅವರು ತಮ್ಮ ನಾಟಕವನ್ನು ಚಲನಚಿತ್ರವೊಂದು ಅನುಕರಿಸಿದೆಯೆಂದು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ತೀರ್ಪಿತ್ತು, ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೂಪಕ್ಕೆ ಮಾತ್ರ ಉಂಟು ಎಂದು ಸ್ಪಷ್ಟಪಡಿಸಿತು. 1970ರ ಪೇಟೆಂಟ್ ಕಾಯಿದೆಯ ಪ್ರಕಾರ ಹೊಸ ಆವಿಷ್ಕಾರಕ್ಕೆ 20 ವರ್ಷಗಳ ರಕ್ಷಣೆ ದೊರೆಯುತ್ತದೆ. ಆದರೆ ವ್ಯಾಪಾರ ನಡೆಸುವ ವಿಧಾನಕ್ಕೆ ಪೇಟೆಂಟ್ ದೊರೆಯದು. 1999ರ ಟ್ರೇಡ್‌ಮಾರ್ಕ್ ಕಾಯಿದೆಯು ಹೆಸರು ಮತ್ತು ಚಿಹ್ನೆಗಳನ್ನು ಕಾಪಾಡುತ್ತದೆ. ಆದುದರಿಂದ ಎದುರಾಳಿಯು ಹೆಸರನ್ನೋ ಚಿಹ್ನೆಯನ್ನೋ ಅಪಹರಿಸಿದರೆ, ಬರಹವನ್ನು ಯಥಾವತ್ತಾಗಿ ಎತ್ತಿಕೊಂಡರೆ, ಕೆಲಸಗಾರನ ಮೂಲಕ ಗುಟ್ಟಿನ ಲೆಕ್ಕಪತ್ರಗಳನ್ನು ತರಿಸಿಕೊಂಡರೆ ಅದು ಅದತ್ತಾದಾನ. ಎಲ್ಲರ ಕಣ್ಣಿಗೂ ಕಾಣುವ ಒಂದು ಯೋಚನೆಯನ್ನು ನೋಡಿ ತಾನೂ ಅಂಥದೊಂದನ್ನು ಆರಂಭಿಸಿದರೆ ಅದು ಸ್ಪರ್ಧೆ. ಸ್ಪರ್ಧೆಯು ನೋವನ್ನುಂಟುಮಾಡಬಹುದು; ನೋವುಂಟಾದ ಮಾತ್ರಕ್ಕೆ ಅದು ಕಳವಾಗದು.

2. ಒಂದು ನಿದರ್ಶನ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 2007ರಲ್ಲಿ ಬ್ರಯಾನ್ ಚೆಸ್ಕಿ, ಜೋ ಗೆಬಿಯಾ ಎಂಬ ಇಬ್ಬರು ತರುಣರು ಬಾಡಿಗೆಯ ಹಣವನ್ನು ಹೊಂದಿಸಲಾರದೆ, ಸಮ್ಮೇಳನಕ್ಕೆ ಬಂದಿದ್ದ ಮೂವರು ಅತಿಥಿಗಳಿಗೆ ತಮ್ಮ ಮನೆಯಲ್ಲಿಯೇ ಗಾಳಿಹಾಸಿಗೆಗಳನ್ನು ಹಾಸಿಕೊಟ್ಟರು. ಮನೆಯವರಿಗೂ ಪ್ರವಾಸಿಗರಿಗೂ ಸಂಬಂಧ ಕಲ್ಪಿಸುವ ಏರ್‌ಬಿಎನ್‌ಬಿ ಸಂಸ್ಥೆಯು ಹೀಗೆ ಹುಟ್ಟಿತು. 2011ರಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ಸಾಮ್ವರ್ ಸಹೋದರರ ಬೆಂಬಲದಿಂದ ಅದೇ ಮಾದರಿಯ ವಿಮ್ಡು ಎಂಬ ಸಂಸ್ಥೆ ತಲೆಯೆತ್ತಿತು. ಈ ಸಹೋದರರು 1999ರಲ್ಲಿ ಈಬೇ ಮಾದರಿಯಲ್ಲಿ ಅಲಾಂಡೊ ಎಂಬ ಸಂಸ್ಥೆಯನ್ನು ಕಟ್ಟಿ, ಕೆಲವೇ ತಿಂಗಳುಗಳಲ್ಲಿ ಈಬೇಗೇ ಮಾರಿದ್ದರು. 2010ರಲ್ಲಿ ಸಿಟಿಡೀಲ್ ಸಂಸ್ಥೆಯನ್ನು ಗ್ರೂಪಾನ್‌ಗೆ ಮಾರಿದ್ದರು. ವಿಮ್ಡುವಿಗೆ ಒದಗಿದ ಬಂಡವಾಳ 9 ಕೋಟಿ ಡಾಲರ್. ಅದರ ಸಿಬ್ಬಂದಿಯು ಬೇಗನೆ ನೂರಾರು ಮಂದಿಗೆ ಏರಿತು. ಏರ್‌ಬಿಎನ್‌ಬಿಯಲ್ಲಿ ಆಗ ಇದ್ದವರು ಸುಮಾರು 40 ಮಂದಿ.

ವಿಮ್ಡುವನ್ನು ಕೊಂಡುಕೊಳ್ಳುವ ದಾರಿಯು ತೆರೆದಿತ್ತು. ಚೆಸ್ಕಿಯವರು ಅದನ್ನು ಒಲ್ಲೆನೆಂದರು. ಮಾರುವುದಕ್ಕಾಗಿಯೇ ಕಟ್ಟಿದವರಿಗೆ ಆ ಉದ್ಯಮವನ್ನು ದೀರ್ಘಕಾಲ ನಡೆಸುವುದೇ ಭಾರವಾಗುವುದೆಂದು ಅವರ ಎಣಿಕೆ. ಏರ್‌ಬಿಎನ್‌ಬಿಯು ಅದೇ ವರ್ಷ ಹ್ಯಾಂಬರ್ಗ್‌ನ ಅಕೋಲಿಯೊ ಎಂಬ ಸಣ್ಣ ಸಂಸ್ಥೆಯನ್ನು ಕೊಂಡು ಯುರೋಪಿನ ನಗರಗಳಲ್ಲಿ ಕಚೇರಿಗಳನ್ನು ತೆರೆಯತೊಡಗಿತು.

ಆದರೆ ಆ ವರ್ಷದ ದೊಡ್ಡ ವಿಪತ್ತು ಬರ್ಲಿನ್ನಿನಿಂದ ಬಂದುದಲ್ಲ. 2011ರ ಬೇಸಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಬ್ಬ ಮಹಿಳೆಯ ಮನೆಯನ್ನು ಏರ್‌ಬಿಎನ್‌ಬಿ ಮೂಲಕ ಬಂದ ಅತಿಥಿಯೇ ಸೂರೆಗೈದನು. ಸಂಸ್ಥೆಯು ಆಕೆಗೆ ಸಕಾಲದಲ್ಲಿ ತಕ್ಕ ಆಸರೆಯಾಗಲಿಲ್ಲವೆಂದು ಜನ ಕೆರಳಿದರು. ಚೆಸ್ಕಿಯವರು ಬಹಿರಂಗವಾಗಿ ಕ್ಷಮೆ ಬೇಡಿ, ಮನೆಯವರಿಗೆ 50,000 ಡಾಲರ್‌ಗಳ ನಷ್ಟಭರ್ತಿಯ ಭರವಸೆಯನ್ನೂ, ಹಗಲಿರುಳು ನೆರವು ನೀಡುವ ವ್ಯವಸ್ಥೆಯನ್ನೂ ಘೋಷಿಸಿದರು. ಮರುವರ್ಷ ಭರವಸೆಯ ಮೊತ್ತವನ್ನು 10 ಲಕ್ಷ ಡಾಲರ್‌ಗಳಿಗೆ ಏರಿಸಲಾಯಿತು. ವಿಮ್ಡು 2016ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಸೇರಿ, 2018ರಲ್ಲಿ ಬಾಗಿಲು ಮುಚ್ಚಿತು. ಏರ್‌ಬಿಎನ್‌ಬಿ 2020ರಲ್ಲಿ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ತೆರೆಯಿತು.

ಅನುಕರಿಸಿದವರೆಲ್ಲರೂ ಸೋಲುತ್ತಾರೆಂದು ಇದರಿಂದ ತಿಳಿಯಕೂಡದು. ಅಲಾಂಡೊ ಮಾರಾಟದಿಂದ ಅನುಕರಿಸಿದವರಿಗೇ ಲಾಭವಾಯಿತು. ನೀತಿಯನ್ನು ಲಾಭನಷ್ಟಗಳ ತಕ್ಕಡಿಯಲ್ಲಿ ತೂಗಿದರೆ ಅದು ವ್ರತವೆನಿಸದು. ಈ ನಿದರ್ಶನದಿಂದ ಅರಿಯಬೇಕಾದುದು ಇಷ್ಟು: ಎದುರಾಳಿಯು ಯೋಚನೆಯನ್ನು ಅನುಕರಿಸಬಲ್ಲನು, ಗ್ರಾಹಕನ ಸಂಕಟದಲ್ಲಿ ಹೊಣೆ ಹೊರುವ ಗುಣವು ಅವರವರ ಆಚರಣೆಯಿಂದಲೇ ಬರಬೇಕು.

3. ವ್ರತಿಯು ಅನುಸರಿಸತಕ್ಕ ಕ್ರಮ

ಮೊದಲನೆಯದಾಗಿ, ಅಪಹೃತವಾದುದು ಏನೆಂಬುದನ್ನು ಬರೆದು ನೋಡಬೇಕು. ಹೆಸರು, ಚಿಹ್ನೆ, ಬರಹ, ಗುಟ್ಟು ಇವುಗಳಲ್ಲಿ ಯಾವುದಾದರೂ ಇದ್ದಲ್ಲಿ ವಕೀಲರ ಮೂಲಕ ನೋಟೀಸು ಕೊಡುವುದೂ, ನ್ಯಾಯಾಲಯಕ್ಕೆ ಹೋಗುವುದೂ ಅಹಿಂಸೆಗೆ ವಿರುದ್ಧವಲ್ಲ. ವಂಚನೆಗೊಳಗಾಗುವ ಗ್ರಾಹಕನ ರಕ್ಷಣೆಯೂ ಅದರಲ್ಲಿ ಅಡಗಿದೆ.

ಎರಡನೆಯದಾಗಿ, ಪ್ರತೀಕಾರದಲ್ಲಿ ತನ್ನ ವ್ರತವೇ ಭಂಗವಾಗದಂತೆ ಎಚ್ಚರ ವಹಿಸಬೇಕು. ಎದುರಾಳಿಯ ಮಾಲು ಕೆಟ್ಟದ್ದೆಂದು ಸುಳ್ಳು ಹಬ್ಬಿಸುವುದು, ಅವನ ಗುಟ್ಟನ್ನು ಬಯಲಿಗೆಳೆಯುವುದು, ಸುಳ್ಳು ದಾಖಲೆಯನ್ನು ಸೃಷ್ಟಿಸುವುದು ಇವೆಲ್ಲ ಸತ್ಯಾಣುವ್ರತಕ್ಕೆ ಕಳಂಕ. ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆಗಳನ್ನು ಅದರ ಅತಿಚಾರಗಳಲ್ಲಿಯೇ ಎಣಿಸಲಾಗಿದೆ. ಕಳೆದುಕೊಂಡ ಗಿರಾಕಿ ಮರಳಿ ಬರಬಹುದು. ಕೋಪದಿಂದ ಕಟ್ಟಿಕೊಂಡ ಕರ್ಮಕ್ಕೆ ಎದುರಾಳಿಯು ಪಾಲುದಾರನಾಗನು.

ಮೂರನೆಯದಾಗಿ, ತನ್ನ ಮಮತ್ವವನ್ನು ಪರೀಕ್ಷಿಸಬೇಕು. ಮೂರ್ಛೆಯೇ ಪರಿಗ್ರಹವೆಂದು ಸೂತ್ರಕಾರರು ಹೇಳಿದ್ದಾರೆ. ಹೊಲಮನೆಗಳಿಗೆ ಮಿತಿಯನ್ನು ಹಾಕಿಕೊಂಡವನು ‘ಈ ಯೋಚನೆ ನನ್ನದೊಬ್ಬನದೇ’ ಎಂಬ ಹಿಡಿತಕ್ಕೆ ಮಿತಿಯನ್ನು ಹಾಕದಿದ್ದರೆ ಪರಿಮಾಣವು ಅಪೂರ್ಣ. ತನ್ನ ಉದ್ಯಮದಲ್ಲಿ ಹಿಂದಿನವರಿಂದ ಕಲಿತುದು ಎಷ್ಟು ಎಂದು ಲೆಕ್ಕ ಹಾಕಿದರೆ ಹಿಡಿತವು ತಾನಾಗಿ ಸಡಿಲಗೊಳ್ಳುವುದು.

ನಾಲ್ಕನೆಯದಾಗಿ, ಎದುರಂಗಡಿಯನ್ನು ನೋಡುತ್ತ ಕಳೆಯುವ ವೇಳೆಯನ್ನು ಸ್ವಂತ ಅಂಗಡಿಯ ಕೊರತೆಗಳನ್ನು ತಿದ್ದಲು ಬಳಸಬೇಕು.

ಅಭ್ಯಾಸ

1. ಪ್ರತಿರೂಪಕವ್ಯವಹಾರಕ್ಕೂ ಸ್ಪರ್ಧೆಗೂ ಇರುವ ಭೇದವೇನು?
2. 2011ರಲ್ಲಿ ಏರ್‌ಬಿಎನ್‌ಬಿಗೆ ಒದಗಿದ ಎರಡು ಸಂಕಟಗಳಲ್ಲಿ ಯಾವುದು ಅದರ ಕೈಯಲ್ಲಿಯೇ ಇತ್ತು?
3. ಸಾಮಾಯಿಕದ ವೇಳೆಯಲ್ಲಿ ಎದುರಾಳಿಯ ನೆನಪು ಬಾಧಿಸಿದರೆ, ಅಲ್ಲಿ ಕ್ರೋಧ, ಮಾನ, ಮಾಯೆ, ಲೋಭಗಳಲ್ಲಿ ಯಾವುದು ಪ್ರಬಲವಾಗಿದೆಯೆಂಬುದನ್ನು ಓದುಗರು ತಮ್ಮಲ್ಲಿಯೇ ವಿಚಾರಿಸಿಕೊಳ್ಳಬೇಕು.