ಗೋಡೆ ಮುಟ್ಟಿದರೆ ಲೆಕ್ಕ

ಈಜುವವರಿಗೆಂದು ಮಾರುವ ವಾಚಿನ ಡಬ್ಬದ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಜಿಪಿಎಸ್. ನೀರಿಗಿಳಿದ ಕೂಡಲೇ ಕೈಕೊಡುವುದೂ ಅದೇ. ಸುಮಾರು 20,000 ಕಿ.ಮೀ. ಎತ್ತರದ ಉಪಗ್ರಹದಿಂದ ಬರುವ ಆ ರೇಡಿಯೊ ಅಲೆ ನೆಲ ಮುಟ್ಟುವಷ್ಟರಲ್ಲೇ ಸೊರಗಿರುತ್ತದೆ. ಅದನ್ನು ನುಂಗಿಹಾಕಲು ಒಂದು ಗೇಣು ನೀರು ಸಾಕು. ಹಾಗಾಗಿ ಈಜುಕೊಳದಲ್ಲಿ ವಾಚು ಉಪಗ್ರಹದ ಗೊಡವೆಗೇ ಹೋಗುವುದಿಲ್ಲ. ಕೊಳದ ಉದ್ದ ಎಷ್ಟೆಂದು ನಾವು ಮೊದಲೇ ಹೇಳಿಕೊಟ್ಟಿರಬೇಕು. ಕೈ ಬೀಸುವ ಲಯವನ್ನು ವಾಚಿನೊಳಗಿನ ಸೆನ್ಸರ್ ಗಮನಿಸುತ್ತಿರುತ್ತದೆ. ಗೋಡೆ ಮುಟ್ಟಿ, ತಿರುಗಿ, ಕಾಲಲ್ಲಿ ಒದ್ದು ಹೊರಟಾಗ ಆ ಲಯ ಮುರಿದು ಮತ್ತೆ ಶುರುವಾಗುತ್ತದೆ. ಒಂದು ಮುರಿತಕ್ಕೆ ಒಂದು ಉದ್ದ. ಎಣಿಸಿದ್ದನ್ನು ಕೊಳದ ಉದ್ದದಿಂದ ಗುಣಿಸಿದರೆ ಈಜಿದ ದೂರ, ಅಷ್ಟೇ ಅದರ ಗಣಿತ. 50 ಮೀಟರಿನ ಕೊಳಕ್ಕೆ 25 ಎಂದು ಕೊಟ್ಟಿದ್ದರೆ ದಣಿವು ಪೂರ್ತಿ, ದೂರ ಅರ್ಧ.

ಅಂದಮೇಲೆ ಈಜಿಗೆಂದು ವಾಚು ಕೊಳ್ಳುವವರು ಜಿಪಿಎಸ್‌ಗೆ ದುಡ್ಡು ಯಾಕೆ ಕೊಡಬೇಕು? ಕೆಲವರು ಕೊಡಬೇಕು, ಬಹಳ ಜನ ಕೊಡಬೇಕಾಗಿಲ್ಲ. ದೀಪಾವಳಿ ಸೇಲಿನ ಹೊತ್ತಿಗೆ ನಮ್ಮ ಬಳಗದಲ್ಲೇ ಮೂವರಿಗೆ ಈ ವಾಚಿನ ಹುಚ್ಚು ಒಟ್ಟಿಗೆ ಹತ್ತಿತು: ಕೊಳ್ಳೇಗಾಲದಲ್ಲಿ ನನಗೆ, ಯಳಂದೂರಿನಲ್ಲಿ ನಮ್ಮಕ್ಕನ ಮಗನಿಗೆ, ಹನೂರಿನಲ್ಲಿ ಭಾವನವರಿಗೆ. ಹಣಕಾಸಿನ ಬಗ್ಗೆ ಬರೆಯುವವಳು ಎಂಬ ಕಾರಣಕ್ಕೆ ಮೂವರ ಲೆಕ್ಕವೂ ನನ್ನ ತಲೆಗೇ ಬಿತ್ತು.

ನನ್ನದನ್ನು ಮೊದಲು ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ನನ್ನ ವಯಸ್ಸಿನವರು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಹುಡುಗರು ಅಲ್ಲಿಂದ ಕೆರೆ, ಕಾಲುವೆ ಎಂದು ಮುಂದುವರಿದರು. ಹುಡುಗಿಯರಿಗೆ ಲಂಗದಾವಣಿ ಬಂದ ವರ್ಷ ಬಾವಿ ಬಂದ್. ಮಂಡಿ ನೋವಿಗೆಂದು ಹೋದಾಗ ಡಾಕ್ಟರು "ಈಜು ಬರುತ್ತಾ?" ಎಂದು ಕೇಳಿದರಲ್ಲ, ಆಮೇಲೆ ನಾನು ಮತ್ತೆ ನೀರಿಗಿಳಿದೆ, ಮೈಸೂರಿನ ಈಜುಕೊಳವೊಂದರ ಹೆಂಗಸರ ಬ್ಯಾಚಿನಲ್ಲಿ, ವಾರದ ಕೊನೆಗೆ. ಹೋಗಲು ಅರವತ್ತು ಚಿಲ್ಲರೆ ಕಿ.ಮೀ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮಗೆ ಬಸ್ಸಿನ ಖರ್ಚು ಸೊನ್ನೆ. ಉಳಿದದ್ದು ಕೊಳದ ಶುಲ್ಕ, ಬಸ್ ನಿಲ್ದಾಣದಿಂದ ಆಟೊ, ಕ್ಲೋರಿನ್‌ಗೆ ಬಣ್ಣಗೆಡುವ ಈಜುಡುಗೆ, ಕನ್ನಡಕ, ಟೋಪಿ. ಎಲ್ಲ ಕೂಡಿ ವರ್ಷಕ್ಕೆ ₹9,000 ಆಸುಪಾಸು.

ಆ ಮೊತ್ತವನ್ನೇ ವಾಚಿಗೂ ಮಿತಿ ಮಾಡಿಕೊಂಡೆ. ಯಾವ ಹವ್ಯಾಸವಾದರೂ ಸರಿ, ಅದನ್ನು ಅಳೆಯುವ ಉಪಕರಣದ ಬೆಲೆ ಅದಕ್ಕೆ ಒಂದು ವರ್ಷ ಮಾಡುವ ಖರ್ಚನ್ನು ದಾಟಬಾರದು. ಇದು ಯಾವ ಹಣಕಾಸು ಪುಸ್ತಕದಲ್ಲೂ ಇರುವ ಸೂತ್ರವಲ್ಲ, ನಾನು ಇಟ್ಟುಕೊಂಡ ಅಳತೆ. ತಿಂಗಳಿಗೆ ನಾಲ್ಕು ಸಲ ಈಜುವವರು ₹30,000ದ ವಾಚು ಕೊಂಡು ಮೂರು ವರ್ಷ ಬಳಸಿದರೆ, ಒಂದೊಂದು ಈಜಿಗೆ ವಾಚಿನ ಪಾಲು ₹208. ಎಷ್ಟೋ ಕೊಳಗಳಲ್ಲಿ ಒಂದು ಗಂಟೆಯ ಟಿಕೆಟ್ಟೇ ಅದಕ್ಕಿಂತ ಕಡಿಮೆ. ₹9,000ದ ವಾಚಾದರೆ ₹62 ಚಿಲ್ಲರೆ. ಮೂರು ವರ್ಷ ಎಂದು ಏಕೆ ಹಿಡಿದೆ ಎಂದರೆ, ಇವುಗಳ ಲಿಥಿಯಂ ಬ್ಯಾಟರಿ ಅಷ್ಟರಲ್ಲಿ ದಣಿಯಲು ಶುರುವಾಗಿರುತ್ತದೆ. ಎಚ್‌ಎಂಟಿ ಕಾಲದ ಹಾಗೆ ಬಸ್ ನಿಲ್ದಾಣದ ಪಕ್ಕದ ವಾಚ್ ರಿಪೇರಿಯವರ ಹತ್ತಿರ ಹಿಂಬದಿ ಬಿಚ್ಚಿಸಿ ಹೊಸ ಸೆಲ್ ಹಾಕಿಸುವಂತಿಲ್ಲ. ಬಿಚ್ಚಿದರೆ ನೀರು ತಡೆಯುವ ರಬ್ಬರಿನ ಮುಚ್ಚಿಗೆಯ ಕಥೆ ಮುಗಿಯಿತು.

2022ರಲ್ಲಿ ಆಪಲ್ ವಾಚ್ ಎಸ್‌ಇ ಎರಡನೇ ತಲೆಮಾರು ₹29,900ಕ್ಕೆ ಬಂದಾಗ ಅದನ್ನು ಆ ಕಂಪನಿಯ ಅಗ್ಗದ ವಾಚು ಎಂದರು. ಈಜಿಗೆ ಒಳ್ಳೆಯದೇ. ಆದರೆ ಕೈಯಲ್ಲಿರುವುದು ಐಫೋನ್ ಅಲ್ಲದಿದ್ದರೆ ಅದು ನಡೆಯುವುದಿಲ್ಲ, ಹಾಗಾಗಿ ನಮ್ಮಂಥವರಿಗೆ ಅದರ ನಿಜವಾದ ಬೆಲೆ ಒಂದು ಫೋನು ಮತ್ತು ಒಂದು ವಾಚು.

ಊರಿನ ಮೊಬೈಲ್ ಅಂಗಡಿಯಲ್ಲಿ ₹2,000ದಿಂದಲೇ ಶುರು. "ಅಕ್ಕ, ಇದ್ರಲ್ಲಿ ಜಿಪಿಎಸ್ಸೂ ಅದ, ಸ್ವಿಮ್ಮಿಂಗೂ ಅದ, ಬಿಪಿನೂ ಅದ" ಎಂದು ಹುಡುಗ ಒಂದೇ ಉಸಿರಿಗೆ ಹೇಳಿದ. ಕೊಳ್ಳೇಗಾಲದಲ್ಲಿ ಹೊಳಪು ನೋಡಿ ಜರಿ ಕೊಳ್ಳುವವರಿಲ್ಲ. ಒಂದೆಳೆ ಉಜ್ಜಿ ನೋಡುತ್ತಾರೆ. ನಾನೂ ಉಜ್ಜಿದೆ. ಫೋನನ್ನು ಮನೆಯಲ್ಲಿ ಬಿಟ್ಟು ಓಡಿದರೆ ದಾರಿಯ ನಕ್ಷೆ ಬರುತ್ತದಾ? ಬರುವುದಿಲ್ಲ, ಫೋನು ಜೇಬಲ್ಲಿರಬೇಕು. ಅಂದರೆ ಜಿಪಿಎಸ್ ಇರುವುದು ನನ್ನ ಫೋನಿನಲ್ಲಿ, ಆ ಫೋನಿಗೆ ನಾನು ಆಗಲೇ ದುಡ್ಡು ಕೊಟ್ಟಾಗಿದೆ. ಕೊಳದ ಉದ್ದ ಎಲ್ಲಿ ತುಂಬುವುದು? ಅಂಥ ಜಾಗವೇ ಇಲ್ಲ. ಉದ್ದ ಕೇಳದ ವಾಚು ಈಜನ್ನು ಅಳೆಯುವುದಿಲ್ಲ, ಹೊತ್ತನ್ನು ಮಾತ್ರ ಅಳೆಯುತ್ತದೆ. ಡಬ್ಬದ ಮೇಲೆ ಐಪಿ68 ಎಂದಿತ್ತು. ಅದು ದೂಳಿಗೆ ಮತ್ತು ನಿಂತ ಸಿಹಿನೀರಿನಲ್ಲಿ ಮುಳುಗಿಸಿ ಇಡುವುದಕ್ಕೆ ಮಾಡುವ ಪರೀಕ್ಷೆ, ತೋಳು ಬೀಸಿ ನೀರಿಗೆ ಹೊಡೆಯುವ ಕೈಗೆ ಸಾಕಾಗುವಂಥದ್ದಲ್ಲ. ಈಜಿಗೆ ಬೇಕಾದದ್ದು 5 ಎಟಿಎಂ. ಅದನ್ನೂ "50 ಮೀಟರ್ ಆಳಕ್ಕೆ ಇಳಿಯಬಹುದು" ಎಂದು ಓದಿಕೊಳ್ಳಬಾರದು. ಅಷ್ಟು ಆಳದ ನಿಂತ ನೀರಿನ ಒತ್ತಡವನ್ನು ಹೊಸ ವಾಚು ಪರೀಕ್ಷೆಯಲ್ಲಿ ತಡೆದಿದೆ ಎಂದಷ್ಟೇ. ಬಾವಿಯ ಕಟ್ಟೆಯಿಂದ ಧುಮುಕುವವರಿಗೆ ಅದು ಭರವಸೆ ಕೊಡುವುದಿಲ್ಲ. ಭಾನುವಾರದ ಎಣ್ಣೆಸ್ನಾನಕ್ಕಂತೂ ಕೊಡುವುದೇ ಇಲ್ಲ: ಹಂಡೆಯ ಬಿಸಿನೀರು, ಸೀಗೆಪುಡಿ, ಸೋಪು, ಹಬೆ ಇವೆಲ್ಲ ಆ ರಬ್ಬರ್ ಮುಚ್ಚಿಗೆಗೆ ಕೊಳದ ನೀರಿಗಿಂತ ದೊಡ್ಡ ಶತ್ರುಗಳು.

ಕೊನೆಗೆ ಕೊಂಡದ್ದು ಮಿತಿಯೊಳಗಿನದೇ. ಉದ್ದ ತುಂಬಬಹುದು, 5 ಎಟಿಎಂ ಇದೆ, ಪಕ್ಕದಲ್ಲಿ ಒತ್ತುವ ಗುಂಡಿ ಇದೆ. ಒದ್ದೆ ಬೆರಳಿಗೆ ಟಚ್ ಪರದೆ ಸ್ಪಂದಿಸುವುದಿಲ್ಲವಾದ್ದರಿಂದ ಗುಂಡಿ ಬಹಳ ಮುಖ್ಯ. ಅಂಗಡಿಯ ಒಣ ಕೈಯಲ್ಲಿ ಯಾರಿಗೂ ಇದು ಹೊಳೆಯುವುದಿಲ್ಲ. ಲಾಭ ಏನಾಯಿತು? ಎಣಿಕೆ ತಪ್ಪುವುದು ನಿಂತಿತು. ನನಗೆ ಏಳನೇ ಸುತ್ತಿನ ಹೊತ್ತಿಗೆ ಮನಸ್ಸು ಗೂಡಿನ ಮಾರುಕಟ್ಟೆಗೋ ಸಂಜೆಯ ಸಾರಿಗೋ ಹೋಗಿಬಿಟ್ಟಿರುತ್ತದೆ. ಅದಕ್ಕಿಂತ ದೊಡ್ಡ ಉಪಯೋಗ ಸ್ವಾಲ್ಫ್ ಎಂಬ ಅಂಕಿ. ಒಂದು ಉದ್ದಕ್ಕೆ ಹಿಡಿದ ಸೆಕೆಂಡುಗಳಿಗೆ ಅಷ್ಟರಲ್ಲಿ ಬೀಸಿದ ಕೈಗಳನ್ನು ಕೂಡಿದರೆ ಸ್ವಾಲ್ಫ್: 30 ಸೆಕೆಂಡು, 20 ಬೀಸು ಅಂದರೆ 50. ಕಡಿಮೆಯಾದಷ್ಟೂ ಒಳ್ಳೆಯದು. ಕೆಲವು ವಾಚುಗಳು ವಾಚು ಕಟ್ಟಿದ ಕೈಯ ಬೀಸನ್ನು ಮಾತ್ರ ಎಣಿಸುತ್ತವೆ, ಆದ್ದರಿಂದ ಒಬ್ಬರ ಅಂಕಿಯನ್ನು ಇನ್ನೊಬ್ಬರದಕ್ಕೆ ಹೋಲಿಸಿ ಪ್ರಯೋಜನವಿಲ್ಲ. ನನ್ನ ಹೋದ ತಿಂಗಳಿಗೆ ಈ ತಿಂಗಳನ್ನು ಹೋಲಿಸುತ್ತೇನೆ. ಬಾವಿಯಲ್ಲಿ ಕಲಿತವರು ನೀರನ್ನು ಹೊಡೆಯುತ್ತೇವೆ, ತಳ್ಳುವುದಿಲ್ಲ ಎಂದು ಕೋಚ್ ಹೇಳಿದ್ದು ನನಗೆ ಅರ್ಥವಾದದ್ದು ಆ ಅಂಕಿ ನೋಡಿದ ಮೇಲೆ.

ಇದಕ್ಕೂ ಮೋಸಹೋಗುವ ಜಾಗಗಳಿವೆ. ಹಲಗೆ ಹಿಡಿದು ಕಾಲು ಮಾತ್ರ ಬಡಿದರೆ ಕೈ ಅಲ್ಲಾಡುವುದಿಲ್ಲ, ಅದು ಎಣಿಕೆಗೆ ಬರುವುದಿಲ್ಲ. ನಡುನೀರಿನಲ್ಲಿ ಎದುರು ಬಂದವರಿಗೆ ದಾರಿ ಬಿಡಲು ನಿಂತರೆ ಗೋಡೆ ಮುಟ್ಟಿದಿರಿ ಎಂದುಕೊಳ್ಳುತ್ತದೆ. ಎದೆಬಡಿತದ ಅಂಕಿಯೂ ನೀರಿನಲ್ಲಿ ಅಷ್ಟಕ್ಕಷ್ಟೇ, ಚರ್ಮಕ್ಕೂ ವಾಚಿನ ಹಸಿರು ಬೆಳಕಿಗೂ ನಡುವೆ ನೀರು ನುಸುಳುತ್ತದೆ. ಅದು ನಿಖರವಾಗಿ ಬೇಕೆನ್ನುವ ಸ್ಪರ್ಧಿಗಳು ಎದೆಪಟ್ಟಿ ಕಟ್ಟುತ್ತಾರೆ. ಬ್ಲೂಟೂತ್ ನೀರು ದಾಟುವುದಿಲ್ಲವಾದ್ದರಿಂದ, ಅಂಕಿಗಳನ್ನು ತನ್ನಲ್ಲೇ ಇಟ್ಟುಕೊಂಡು ಆಮೇಲೆ ವಾಚಿಗೆ ಕೊಡುವಂಥ ಪಟ್ಟಿಯೇ ಆಗಬೇಕು. ಅದಕ್ಕೆ ಬೇರೆ ದುಡ್ಡು.

ಈಜಿಗೆ ಜಿಪಿಎಸ್ ನಿಜವಾಗಿ ದುಡಿಯುವುದು ಕೆರೆ, ನದಿ, ಸಮುದ್ರದಲ್ಲಿ. ಫ್ರೀಸ್ಟೈಲಿನಲ್ಲಿ ಕೈ ನೀರಿನಿಂದ ಮೇಲೆ ಬಂದಾಗಲೆಲ್ಲ ವಾಚು ಉಪಗ್ರಹವನ್ನು ಕ್ಷಣಹೊತ್ತು ಹುಡುಕಿ, ಆ ಚುಕ್ಕೆಗಳನ್ನು ಕೂಡಿಸಿ ದಾರಿ ಎಳೆಯುತ್ತದೆ. ಕಪ್ಪೆಯೀಜಿನಲ್ಲಿ ಕೈ ನೀರೊಳಗೇ ಇರುವುದರಿಂದ ದಾರಿ ಎಲ್ಲೆಲ್ಲಿಗೋ ಹೋಗುತ್ತದೆ. ಇದನ್ನು ತೆರೆನೀರಿನ ಮೋಡ್ ಎಂದು ಕರೆದು, ಬಹಳಷ್ಟು ಕಂಪನಿಗಳು ಮೇಲಿನ ದರ್ಜೆಯ ವಾಚುಗಳಲ್ಲಿ ಕೊಡುತ್ತವೆ. ಗಾರ್ಮಿನ್ ಫೋರ್‌ರನ್ನರ್ 55ರಲ್ಲಿ ಜಿಪಿಎಸ್ ಇದೆ, ಈಜುಕೊಳದ ಲೆಕ್ಕ ಇದೆ, ತೆರೆನೀರಿನ ಮೋಡ್ ಇಲ್ಲ. ನಮ್ಮ ತಾಲ್ಲೂಕುಗಳಲ್ಲಿ ತೆರೆನೀರು ಅಂದರೆ ಕಾವೇರಿ. ಶಿವನಸಮುದ್ರದ ಸುತ್ತಮುತ್ತ, ಭರಚುಕ್ಕಿಯ ಮೇಲೂ ಕೆಳಗೂ, ಬಂಡೆ, ಸುಳಿ, ಮೊಸಳೆ. ಈಜು ಬಲ್ಲವರನ್ನೇ ಕಳೆದುಕೊಂಡ ಮನೆಗಳು ಇಲ್ಲಿವೆ. ಇಳಿಯಬಾರದ ಹೊಳೆಯ ನಕ್ಷೆಗೆಂದು ಹತ್ತು ಹದಿನೈದು ಸಾವಿರ ಹೆಚ್ಚು ಕೊಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಯಳಂದೂರಿನ ಹುಡುಗನ ವಿಷಯ ಬೇರೆ. ಅವನು ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಾಗುತ್ತಿದ್ದಾನೆ: 1,600 ಮೀಟರ್ ಓಟ, ಆರೂವರೆ ನಿಮಿಷದೊಳಗೆ. "ಚಿಕ್ಕವ್ವ, ಜಿಪಿಎಸ್ ಇಲ್ದೆ ಎಷ್ಟ್ ಓಡ್ದಿ ಅಂತ ಹೆಂಗ್ ಗೊತ್ತಾದದು?" ಅಂದ. ಟೇಪ್ ತಗೊಂಡು ಮೈದಾನ ಅಳೆಯಪ್ಪ ಅಂದೆ. ತೆರೆದ ಆಕಾಶದಡಿಯಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ ಎಂದು ಅದನ್ನು ನಡೆಸುವ ಅಮೆರಿಕ ಸರಕಾರವೇ ಹೇಳುತ್ತದೆ. ನೇರ ರಸ್ತೆಯಲ್ಲಿ ಅದು ಲೆಕ್ಕಕ್ಕಿಲ್ಲ. ಸಣ್ಣ ಮೈದಾನವನ್ನು ಸುತ್ತುವಾಗ ಪ್ರತಿ ತಿರುವಿನಲ್ಲೂ ಅಂಚು ಕತ್ತರಿಸಿ, ದೂರ ಹೆಚ್ಚುಕಡಿಮೆಯಾಗುತ್ತದೆ. ಸೆಕೆಂಡುಗಳಲ್ಲಿ ಕೆಲಸ ಸಿಗುವ ಅಥವಾ ತಪ್ಪುವ ಪರೀಕ್ಷೆಗೆ ಅದು ನಂಬುವಂಥ ಅಳತೆಯಲ್ಲ. 200 ಮೀಟರಿನ ಸುತ್ತು ಗುರುತು ಹಾಕಿಕೊಂಡರೆ ಎಂಟು ಸುತ್ತು, ಸುತ್ತಿಗೆ 48.75 ಸೆಕೆಂಡು. ಇದಕ್ಕೆ ಬೇಕಾದದ್ದು ಫೋನಿನಲ್ಲಿರುವ ಸ್ಟಾಪ್‌ವಾಚ್, ಅದನ್ನು ಒತ್ತಲು ಒಬ್ಬ ಗೆಳೆಯ. ಉದ್ದದ ಓಟಕ್ಕೆ ಗುಂಬಳ್ಳಿ ಕಡೆ ಹೋಗುತ್ತಾನೆ. ಅಲ್ಲಿ ಜಿಪಿಎಸ್ ಉಪಯೋಗಕ್ಕೆ ಬರುತ್ತದೆ, ಆದರೆ ಅಲ್ಲಿಗೂ ಜೇಬಿನ ಫೋನು ಸಾಕು. ಅದರಾಚೆ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಯಾವ ವಾಚು ಕಟ್ಟಿಕೊಂಡರೂ ಅಲ್ಲಿ ಓಡುವಂತಿಲ್ಲ. ವಾಚಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಒಳ್ಳೆಯ ಶೂ ಕೊಂಡ. ಉಳಿದದ್ದು ಅವನ ತಾಯಿಯ ಕೈಸೇರಿತು ಎಂದು ಕೇಳಿದೆ.

ಭಾವನವರಿಗೆ ಬೇಕಿದ್ದದ್ದು ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವಾಗಿನ ಹೆಜ್ಜೆ ಲೆಕ್ಕ. ಹನೂರಿನಿಂದ 50 ಕಿ.ಮೀ. ಮೇಲಿರುವ ದಾರಿ, ರಸ್ತೆಯುದ್ದಕ್ಕೂ ಕಿಲೊಮೀಟರ್ ಕಲ್ಲುಗಳಿವೆ, ಹಾಗಾಗಿ ಆ ಮಾತು ಬೇಗ ಮುಗಿಯಿತು. ಆದರೆ ಅವರ ಮನಸ್ಸಿನಲ್ಲಿ ಇದ್ದದ್ದು ಸಕ್ಕರೆ ಕಾಯಿಲೆ. ಸೂಜಿ ಚುಚ್ಚದೆ ಸಕ್ಕರೆ ತೋರಿಸುವ ವಾಚು ಬಂದಿದೆ ಎಂದು ಯಾರೋ ವಿಡಿಯೊ ಕಳಿಸಿದ್ದರು. 2024ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ವಾಚು, ಉಂಗುರಗಳನ್ನು ನಂಬಬೇಡಿ, ಒಂದಕ್ಕೂ ನಾವು ಮಂಜೂರಾತಿ ಕೊಟ್ಟಿಲ್ಲ ಎಂದು ಎಚ್ಚರಿಸಿದೆ. ಆ ಅಂಕಿ ನೋಡಿಕೊಂಡು ಮಾತ್ರೆ, ಇನ್ಸುಲಿನ್ ಹೆಚ್ಚುಕಡಿಮೆ ಮಾಡಿದರೆ ಜೀವಕ್ಕೇ ಸಂಚಕಾರ. ಕರಗಿದ ಕ್ಯಾಲೊರಿಯ ಲೆಕ್ಕವೂ ಅಷ್ಟೇ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಸಾಧನಗಳನ್ನು ಪರೀಕ್ಷಿಸಿದಾಗ ಎದೆಬಡಿತದಲ್ಲಿ ಆರು ಸರಿಯಾಗಿದ್ದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಮೇಲಾದದ್ದೇ ಸರಾಸರಿ ಶೇ 27ರಷ್ಟು ತಪ್ಪಿತ್ತು. ಆ ಅಂಕಿ ನೋಡಿ ಇನ್ನೊಂದು ಒಬ್ಬಟ್ಟು ಹಾಕಿಸಿಕೊಳ್ಳುವವರು ನಮ್ಮ ಮನೆಯಲ್ಲೇ ಇದ್ದಾರೆ.

ಇನ್ನು ಕಂತಿನ ಮಾತು. ಸೇಲಿನಲ್ಲಿ 'ನೋ ಕಾಸ್ಟ್ ಇಎಂಐ' ಎಂದು ಕಂಡರೆ ಎರಡು ಬೆಲೆ ಕೇಳಿ: ಇವತ್ತೇ ಪೂರ್ತಿ ಕೊಟ್ಟರೆ ಎಷ್ಟು, ಕಂತಾದರೆ ಎಷ್ಟು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ₹24,000ದ ವಾಚನ್ನು ₹4,000ದ ಆರು ಕಂತಿಗೆ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿರಿ, ಬ್ಯಾಂಕಿನ ದರ ವರ್ಷಕ್ಕೆ ಶೇ 16 ಎಂದುಕೊಳ್ಳಿ. ಅದರೊಳಗೆ ಬಡ್ಡಿ ಸುಮಾರು ₹1,080 ಅಡಗಿದೆ. ಮಾರುವವನು ಅಷ್ಟನ್ನು ರಿಯಾಯಿತಿಯಾಗಿ ಬಿಟ್ಟುಕೊಟ್ಟರೂ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಅಂದರೆ ₹195ರಷ್ಟು, ನಿಮ್ಮ ಕಾರ್ಡಿನ ಬಿಲ್ಲಿಗೆ ಬರುತ್ತದೆ. ಸಂಸ್ಕರಣಾ ಶುಲ್ಕ ಬೇರೆ. ನಗದಿಗೆ ಸಿಗುತ್ತಿದ್ದ ರಿಯಾಯಿತಿ ತಪ್ಪಿದ್ದು ಇನ್ನೂ ಬೇರೆ. ಈಚೆಗೆ ಇದರ ಜೊತೆ ಚಂದಾ ಎಂಬುದೂ ಸೇರಿದೆ. ವಾಚಿಗೆ ಪೂರ್ತಿ ದುಡ್ಡು ತೆಗೆದುಕೊಳ್ಳುವ ಕಂಪನಿಗಳೂ ಹೆಚ್ಚಿನ ವಿಶ್ಲೇಷಣೆಗೆ ಪ್ರತ್ಯೇಕ ಶುಲ್ಕ ಕೇಳತೊಡಗಿವೆ. ಗಾರ್ಮಿನ್ 2025ರ ಮಾರ್ಚಿನಲ್ಲಿ ಕನೆಕ್ಟ್ ಪ್ಲಸ್ ಶುರುಮಾಡಿತು. ಮೂಲ ಲೆಕ್ಕಗಳು ಈಗಲೂ ಪುಕ್ಕಟೆ. ಕೊಳ್ಳುವ ವಾಚಿನಲ್ಲಿ ಚಂದಾ ಇಲ್ಲದೆ ಏನೇನು ಕಾಣುತ್ತದೆ ಎಂದು ಮೊದಲೇ ತೆರೆಸಿ ನೋಡಿ.

ವಾರಂಟಿ ಚೀಟಿಯಲ್ಲಿ ನೀರಿನಿಂದಾದ ಹಾನಿಯ ಬಗ್ಗೆ ಏನು ಬರೆದಿದೆ ಎಂಬುದನ್ನು ಬಿಲ್ ಮಾಡಿಸುವ ಮೊದಲೇ ಓದಿ. 5 ಎಟಿಎಂ ಎಂದು ಮಾರಿ, ನೀರು ಹೋದರೆ ನಮ್ಮ ಹೊಣೆಯಲ್ಲ ಎನ್ನುವ ಸಾಲುಗಳೂ ಇರುತ್ತವೆ. ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಎರಡಕ್ಕೂ ಬಿಲ್ಲು ಬೇಕು, ಅದರಲ್ಲಿ ವಾಚಿನ ಕ್ರಮಸಂಖ್ಯೆ ಇರಬೇಕು. ನಾನು ಇನ್ನೊಂದು ಕೆಲಸ ಮಾಡಿದೆ. ಕೊಳ್ಳುವ ಮುಂಚೆ ಕಂಪನಿಯ ಗ್ರಾಹಕ ಸೇವೆಗೆ ಫೋನು ಮಾಡಿ, ವಾಚು ಕೆಟ್ಟರೆ ಮನೆಗೆ ಬಂದು ಒಯ್ಯುತ್ತೀರಾ ಎಂದು ನಮ್ಮ ಮೂರೂ ಊರುಗಳ ಪಿನ್‌ಕೋಡ್ ಹೇಳಿದೆ. ಕೊಳ್ಳೇಗಾಲದ 571440 ಮತ್ತು ಯಳಂದೂರಿನ 571441ಕ್ಕೆ ಬರುತ್ತೇವೆ ಅಂದರು. ಹನೂರಿನ 571439 ಅವರ ಪಟ್ಟಿಯಲ್ಲಿರಲಿಲ್ಲ, ನೀವೇ ಮೈಸೂರಿಗೆ ತಂದುಕೊಡಬೇಕು ಮೇಡಂ ಅಂದರು.